ಎಂಟನೇ ಕ್ಲಾಸಿನಲ್ಲೇ ಯಾರಾದರೂ ಹೇಳಿದ್ದರೆ...

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಸಿಇಟಿ ಬಗ್ಗೆ ಪುಟಗಟ್ಟಲೆ ಬರುತ್ತದೆ. ಯಾವ ಕೋಟಾಕ್ಕೆ ಯಾವ ದಾಖಲೆ, ಕೊನೆಯ ದಿನ ಯಾವುದು, ಎಲ್ಲಾ ಇರುತ್ತದೆ. ನಾನೂ ಕತ್ತರಿಸಿ ಇಟ್ಟುಕೊಂಡವನೇ. ಆದರೆ ಅದನ್ನು ಓದುವ ಹೊತ್ತಿಗೆ ನಮ್ಮ ಮನೆಯಲ್ಲಿ ಕೆಲಸ ಕೆಟ್ಟು ಆರೇಳು ವರ್ಷ ಆಗಿಹೋಗಿತ್ತು.

ನಮ್ಮದು ಮಲೆನಾಡಿನ ಒಂದು ಹಳ್ಳಿ. ಮಗಳು ಐದನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದಳು. ಆಮೇಲೆ ಎರಡು ವರ್ಷ ಪೇಟೆಯಲ್ಲಿ ಅಜ್ಜಿ ಮನೆಯಲ್ಲಿದ್ದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದಳು. ಅಜ್ಜಿ ಹಾಸಿಗೆ ಹಿಡಿದರು, ವಾಪಸ್ ಕರೆತಂದೆವು, ಎಂಟರಿಂದ ಹತ್ತು ಮತ್ತೆ ಊರ ಕಡೆಯ ಹೈಸ್ಕೂಲು, ಕನ್ನಡ ಮಾಧ್ಯಮ. ಸಿಇಟಿ ಅರ್ಜಿ ತುಂಬುವಾಗ ಸೈಬರ್ ಸೆಂಟರ್ ಹುಡುಗ ಕೇಳಿದ, ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿದ್ದಾಳಾ ಅಂತ. ಎಂಟು ವರ್ಷ ಅಂದೆ. ಹಾಗಾದರೆ ಇಲ್ಲ ಅಂದ.

ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5. ಎರಡಕ್ಕೂ ಹತ್ತು ವರ್ಷ ಪೂರ್ತಿ ಬೇಕು, ಒಂದು ವರ್ಷ ಕಡಿಮೆಯಾದರೂ ಲೆಕ್ಕಕ್ಕಿಲ್ಲ. ಪಟ್ಟಣ ಪಂಚಾಯಿತಿ ಆದ ಊರು ನೋಡಲು ಎಷ್ಟೇ ಹಳ್ಳಿಯ ಹಾಗಿದ್ದರೂ ಹಳ್ಳಿ ಅಂತ ಗಣನೆಗೆ ಬರುವುದಿಲ್ಲ. ಆ ಎರಡು ವರ್ಷದಲ್ಲಿ ಎರಡೂ ಕೋಟಾ ಹೋಯಿತು. ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಗೆರೆ ಎಲ್ಲಿದೆ ಅಂತ ಮಗುವನ್ನು ಪೇಟೆಗೆ ಕಳಿಸುವ ಮುಂಚೆ ಯಾರೂ ಹೇಳಲಿಲ್ಲ, ನಮಗೂ ಕೇಳಬೇಕು ಅಂತ ಹೊಳೆಯಲಿಲ್ಲ. ಇಂಗ್ಲಿಷ್ ಬರಲಿ ಅಂತ ಕಳಿಸಿದ್ದು, ಅಷ್ಟೇ.

ಇನ್ನೊಂದು, ದುಡ್ಡಿನ ವಿಷಯ. ಎಸ್ಎಸ್ಎಲ್‌ಸಿ ಮುಗಿದ ಮೇಲೆ ನಾವೆಲ್ಲಾ ಮಾಡುವ ಕೆಲಸ ಏನು? ಕೈಯಲ್ಲಿದ್ದ ಹಣವನ್ನೆಲ್ಲಾ ಖಾಸಗಿ ಪಿಯು ಕಾಲೇಜಿಗೆ ಸುರಿಯುವುದು. ಹಾಸ್ಟೆಲ್, ಕೋಚಿಂಗ್ ಎಲ್ಲಾ ಸೇರಿ ಎರಡು ವರ್ಷಕ್ಕೆ ಲಕ್ಷಗಟ್ಟಲೆ. ನಾನೂ ಅಡಿಕೆ ದುಡ್ಡು ಅಲ್ಲಿಗೇ ಹಾಕಿದೆ, ಡಿಗ್ರಿಗೆ ಬರುವಾಗ ಜೇಬು ಖಾಲಿ. ಪಕ್ಕದ ಮನೆಯ ಹುಡುಗಿ ಸರ್ಕಾರಿ ಪಿಯು ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬಂದು ಓದಿದಳು, ಆಗ ನಾವು ಅಯ್ಯೋ ಪಾಪ ಅಂದುಕೊಂಡಿದ್ದೆವು. ಈಗ ಅವಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ರೂಪಾಯಿ ಬರುತ್ತಿದೆ. ಹತ್ತನೆಯದನ್ನೂ ಹನ್ನೆರಡನೆಯದನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದಿದ ಹೆಣ್ಣುಮಕ್ಕಳಿಗೆ ಮಾತ್ರ ಅದು. ನನ್ನ ಮಗಳಿಗೆ ಸಿಗುವಂತಿಲ್ಲ. ಪಾಪ ಯಾರು ಅಂತ ಈಗ ಗೊತ್ತಾಯಿತು.

ಎಂಟನೇ ಕ್ಲಾಸಿನಲ್ಲಿ ಎನ್ಎಂಎಂಎಸ್ ಅಂತ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯು ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಇದೂ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲೇ ಮುಂದುವರಿದರೆ ಮಾತ್ರ. ಕೆಲವು ಶಾಲೆಗಳಲ್ಲಿ ಮೇಷ್ಟ್ರು ಸಂಜೆ ಕೂರಿಸಿಕೊಂಡು ತಯಾರಿ ಮಾಡಿಸುತ್ತಾರೆ, ಅವರಿಗೆ ಕೈಮುಗಿಯಬೇಕು. ಕೆಲವು ಶಾಲೆಗಳಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರೆ ಮುಗಿಯಿತು.

ಪಿಯುನಲ್ಲಿ ಆರಿಸಿಕೊಳ್ಳುವ ವಿಷಯಗಳ ಕಾಂಬಿನೇಷನ್ ಬಗ್ಗೆಯೂ ಒಂದು ಮಾತು. ಹದಿನಾರು ವರ್ಷದ ಮಕ್ಕಳು ಗೆಳೆಯರ ಜೊತೆ ಬೇಕು ಅಂತ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್) ತೆಗೆದುಕೊಂಡುಬಿಡುತ್ತಾರೆ. ಆಮೇಲೆ ಕೃಷಿ ಬಿಎಸ್ಸಿ ಮಾಡಬೇಕಿತ್ತು, ಪಶುವೈದ್ಯಕೀಯ ಮಾಡಬೇಕಿತ್ತು ಅಂದರೆ ಬಯಾಲಜಿ ಎಲ್ಲಿದೆ? ತೋಟ ಇರುವ ಮನೆಯವರು ಇದನ್ನು ಮೊದಲೇ ಯೋಚಿಸಬೇಕು, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿಕರ ಮಕ್ಕಳಿಗೆ ಅಂತಲೇ ಬೇರೆ ಕೋಟಾ ಇದೆ. ನಮ್ಮೂರಲ್ಲಿ ಅದನ್ನು ಕೇಳಿದವರೇ ಕಡಿಮೆ.

ಹೆಸರಿನ ಗೋಳು ಹೇಳದಿದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಮಗಳ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ, ಜಾತಿ ಆದಾಯ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಮೂರು ಕಾಗದ, ಮೂರು ಹುಡುಗಿಯರು! ಅರ್ಜಿಯಲ್ಲಿ ಆರ್‌ಡಿ ನಂಬರ್ (ಜಾತಿ ಆದಾಯ ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಹಾಕಿದರೆ ಹೊಂದಾಣಿಕೆ ಆಗುತ್ತಿಲ್ಲ ಅಂತ ಬರುತ್ತಿತ್ತು. ನಾಡಕಚೇರಿಗೆ ನಾಲ್ಕು ಸಲ ಅಲೆದೆ, ಅಡಿಕೆ ಕೆಲಸ ಬಿಟ್ಟು. ಎಸ್ಎಸ್ಎಲ್‌ಸಿ ಪರೀಕ್ಷೆಗೆ ಶಾಲೆಯಿಂದ ಹೆಸರು ಕಳಿಸುವ ಮುಂಚೆ ಸರಿ ಮಾಡಿಸಿದ್ದರೆ ಶಾಲೆಯಲ್ಲೇ ಮುಗಿಯುತ್ತಿತ್ತು, ಅಂಕಪಟ್ಟಿ ಅಚ್ಚಾದ ಮೇಲೆ ಸುಮ್ನೆ ಅಲೆದಾಟ. ಜಾತಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಬೆಲೆ ಇರುತ್ತದೆ, ಒಂಬತ್ತನೇ ಕ್ಲಾಸಿನಲ್ಲಿ ಮಾಡಿಸಿಟ್ಟರೆ ಸಿಇಟಿಗೂ ಅದೇ ಆಗುತ್ತದೆ.

ಕೊನೆಗೆ ಸಿಇಟಿಯಲ್ಲೇ ಒಂದು ಖಾಸಗಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು, ಸಾಲ ಮಾಡಿದ್ದೇನೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಸ್ತಿ ಅಡ, ಜಾಮೀನು ಏನೂ ಇಲ್ಲದೆ ಸಾಲ ಕೊಡುತ್ತಾರೆ, ಆದಾಯ 8 ಲಕ್ಷದೊಳಗಿದ್ದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿಯೂ ಇದೆ. ಆದರೆ ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿ ಇರಬೇಕು. ನಮ್ಮದು ಇಲ್ಲ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ನಮೂದಿಸುವ ಕೆಲಸ, ಮಾಡುವಾಗ ಪಟ್ಟಿ ತೆಗೆದು ನೋಡಿ ಕಾಲೇಜುಗಳನ್ನು ಮೇಲೆ ಕೆಳಗೆ ಮಾಡಬಹುದಿತ್ತು, ಅಲ್ವಾ? ಆ ರಾತ್ರಿ ನಾವು ನೋಡಿದ್ದು ಯಾವ ಕಾಲೇಜಿನ ಬಿಲ್ಡಿಂಗ್ ಚೆನ್ನಾಗಿದೆ ಅಂತ.

ಅದಕ್ಕೇ ನನ್ನ ಕೋರಿಕೆ ಎರಡೇ. ಹೈಸ್ಕೂಲುಗಳಲ್ಲಿ ಎಂಟನೇ ಕ್ಲಾಸ್ ಪೋಷಕರ ಮೊದಲ ಸಭೆಯಲ್ಲಿ ಸಮವಸ್ತ್ರ, ಶೂ ವಿಷಯ ಬೇಗ ಮುಗಿಸಿ ಒಂದು ಗಂಟೆ ಇದನ್ನೆಲ್ಲಾ ಹೇಳಿಬಿಡಲಿ. ಕೋಟಾದ ವಿಷಯವಂತೂ ಪ್ರಾಥಮಿಕ ಶಾಲೆಯಲ್ಲಿ ಟಿಸಿ ಕೊಡುವಾಗಲೇ ಬಾಯಿಮಾತಿನಲ್ಲಿ ಹೇಳಿದರೂ ಸಾಕು. ನೀವು ಏಪ್ರಿಲ್‌ನಲ್ಲಿ ಹಾಕುವ ಆ ಪುಟವನ್ನು ಜೂನ್‌ನಲ್ಲಿ ಇನ್ನೊಮ್ಮೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ ‘ಎಂಟನೇ ಕ್ಲಾಸಿನವರ ಅಪ್ಪ ಅಮ್ಮಂದಿರಿಗೆ’ ಅಂತ ಬರೆದು.

ನನ್ನ ಮಗ ಈ ವರ್ಷ ಎಂಟನೇ ಕ್ಲಾಸು. ಒಂದರಿಂದ ಇಲ್ಲೀವರೆಗೆ ಊರಲ್ಲೇ ಓದಿದ್ದಾನೆ, ಇನ್ನೆರಡು ವರ್ಷವೂ ಇಲ್ಲೇ. ಅವನ ಆಧಾರ್‌ನಲ್ಲಿ ಇನಿಷಿಯಲ್ ತಪ್ಪಿದೆ ಅಂತ ಮೊನ್ನೆ ನೋಡಿದೆ. ಸೋಮವಾರ ಹೋಗುತ್ತಿದ್ದೇನೆ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ ಜಿಲ್ಲೆ