ಟರ್ಬೊ ಆಮೇಲೆ, ಮೊದಲು ಪುಲ್ಲಿಯ ಫೋಟೋ ಕಳಿಸು

ಮೈಸೂರು, ಭಾನುವಾರ

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು 1990ರ ಕೆಂಪು ಮಜ್ದಾ ಮಿಯಾಟಾ ಕಾರು ತೊಗೊಂಡ ಸುದ್ದಿ ನಿಮ್ಮಮ್ಮನಿಂದ ಗೊತ್ತಾಯಿತು. "ಎರಡೇ ಸೀಟಂತೆ, ಇವನ ವಯಸ್ಸಿಗಿಂತ ಹಳೆ ಕಾರಂತೆ, ಎಲ್ಲ ನಿನ್ನ ಬುದ್ಧಿಯೇ ಬಂದಿದೆ" ಅಂತ ಬೈಗುಳ ನನಗೇ ಬಿತ್ತು. ಒಳಗೊಳಗೇ ಖುಷಿಯಾಯಿತು. ಅದನ್ನು ಅವಳಿಗೆ ಹೇಳಬೇಡ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯನ್ನೂ ನೋಡಿದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಪವರ್ ಏರಿಸೋ ಟರ್ಬೊ ಕಿಟ್, ದೊಡ್ಡ ಸೈಲೆನ್ಸರ್, ಕೋಲ್ಡ್ ಏರ್ ಇನ್‌ಟೇಕ್, ಕಾರು ತಗ್ಗಿಸೋ ಸ್ಪ್ರಿಂಗು. ಬ್ರೇಕಿನ ಹೆಸರೇ ಇಲ್ಲ! ಅದಕ್ಕೇ ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ "ಹ್ಞೂಂ ಮಾವ" ಅಂದು ಮುಗಿಸಿಬಿಡ್ತೀಯ.

ನಾನೇನು ಸಾಚಾ ಅಲ್ಲ. ಕಾಲೇಜಿನಲ್ಲಿದ್ದಾಗ ನಿಮ್ಮ ತಾತನ ಯೆಜ್ಡಿ ಬೈಕ್ ನನ್ನ ಕೈಗೆ ಬಂತು. ಇಲ್ಲೇ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿ. ಒಂದು ಭಾನುವಾರ ಎರಡೂ ಸೈಲೆನ್ಸರಿನ ಬ್ಯಾಫಲ್, ಅಂದರೆ ಸದ್ದು ತಗ್ಗಿಸೋ ಒಳಗಿನ ಕೊಳವೆ, ಕಿತ್ತು ಅಟ್ಟಕ್ಕೆ ಎಸೆದೆ. ಸದ್ದು ಹೇಗಿತ್ತು ಅಂತೀಯ, ಬೀದಿಯವರೆಲ್ಲ ಬಾಗಿಲಿಗೆ ಬಂದರು. ಆದರೆ ಚಾಮುಂಡಿ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆಯೆಲ್ಲ ಎರಡಕ್ಕೆ ಇಳಿಸಬೇಕಾಯಿತು. ಅಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರಿನಿಂದ ವಾಪಸ್ ಬರುವ ಒತ್ತಡವೇ ಹೊಸ ಪೆಟ್ರೋಲು ಗಾಳಿಯನ್ನು ಸಿಲಿಂಡರಿನೊಳಗೆ ತಡೆದು ಹಿಡಿಯೋದು. ಅದು ನನಗೆ ಗೊತ್ತಾಗಿದ್ದು ಆಮೇಲೆ. ನಿಮ್ಮ ತಾತ ಏನೂ ಅನ್ನಲಿಲ್ಲ. ಅಟ್ಟದಿಂದ ಬ್ಯಾಫಲ್ ಇಳಿಸಿ, ಕರಿ ಉಜ್ಜಿ, ನನ್ನ ದಿಂಬಿನ ಪಕ್ಕ ಇಟ್ಟು ಹೋದರು.

ಈಗ ನಿನ್ನ ಕಾರಿಗೆ ಬರೋಣ. ಈ ಕಾರನ್ನು ಮಜ್ದಾದವರು 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೋ ಶೋನಲ್ಲಿ ತೋರಿಸಿದರು. 1.6 ಲೀಟರ್ ಎಂಜಿನ್, 116 ಹಾರ್ಸ್‌ಪವರ್, ತೂಕ ಒಂದು ಟನ್ನಿಗೂ ಕಡಿಮೆ. ಮಿಶಿಗನ್‌ನಲ್ಲಿದ್ದಾಗ ನಾನೂ ಇದೇ ವರ್ಷದ್ದೇ ಇಟ್ಟುಕೊಂಡಿದ್ದೆ. ಅದರ ಮಜಾ ಇರೋದು ಆ ಹಗುರದಲ್ಲಿ, ಪವರಿನಲ್ಲಲ್ಲ. ಮೊದಲ ಒಂದು ವರ್ಷ ಅದನ್ನು ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಆ ಸ್ಥಿತಿಗೆ ತಂದು ಓಡಿಸು. ಆಮೇಲೂ ಟರ್ಬೊ ಬೇಕು ಅನ್ನಿಸಿದರೆ ಆಗ ಮಾತಾಡೋಣ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ. 1990ರ ಮತ್ತು 1991ರ ಮೊದಮೊದಲ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಪಿಸ್ಟನ್ನುಗಳು ತಿರುಗಿಸೋ ದಂಡದ, ಮುಂದಿನ ಮೂತಿ ಗಿಡ್ಡ. ಅದರ ಮೇಲೆ ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಹೊಂದಿಸೋ ಟೈಮಿಂಗ್ ಬೆಲ್ಟಿನ ಗೇರು, ಅದರ ಮುಂದೆ ಪುಲ್ಲಿ, ಎಲ್ಲವನ್ನೂ ಹಿಡಿದಿರೋದು ಮಧ್ಯದ ಒಂದೇ ಬೋಲ್ಟು. ಗೇರು ಜಾರದ ಹಾಗೆ ಶಾಫ್ಟಿನ ತೋಡಿನಲ್ಲಿ ಕೀ ಅನ್ನೋ ಒಂದು ಸಣ್ಣ ಲೋಹದ ತುಂಡು ಕೂರಿಸಿರುತ್ತಾರೆ. ಯಾರೋ ಬೆಲ್ಟ್ ಬದಲಾಯಿಸಿ ಆ ಬೋಲ್ಟನ್ನು ಸರಿಯಾಗಿ ಬಿಗಿ ಮಾಡದೆ ಬಿಟ್ಟರು ಅಂದುಕೋ. ಆಗ ಆ ಕೀ ತನ್ನ ತೋಡಿನಲ್ಲಿ ಹಿಂದೆ ಮುಂದೆ ಬಡಿಯುತ್ತಾ ಬಡಿಯುತ್ತಾ ಶಾಫ್ಟನ್ನೇ ತಿಂದು ಹಾಕುತ್ತೆ. ಅಲ್ಲಿಗೆ ಗೇರು ಸ್ವಲ್ಪ ಸ್ವಲ್ಪವೇ ಜಾರಿ ಟೈಮಿಂಗ್ ಹಿಂದೆ ಬೀಳುತ್ತೆ.

ನನ್ನ ಕಾರಿಗೆ ಆಗಿದ್ದು ಇದೇ. ಐಡ್ಲಿಂಗಿನಲ್ಲಿ ಬಾನೆಟ್ ಎತ್ತಿ ನೋಡಿದರೆ ಪುಲ್ಲಿ ಸುಸ್ತಾದ ಬುಗುರಿಯ ಹಾಗೆ ಓಲಾಡುತ್ತಿತ್ತು. ರಬ್ಬರ್ ಹಳೆಯದಾಗಿರಬೇಕು ಅಂತ ಸುಮ್ನೆ ಬಿಟ್ಟೆ. ಎರಡು ತಿಂಗಳಿಗೆ ಪಿಕಪ್ ಸತ್ತೇ ಹೋಯಿತು. ಬಿಚ್ಚಿ ನೋಡಿದರೆ ಕೀ ಕೂರುವ ತೋಡು ಇಲಿ ಕಚ್ಚಿದ ಹಾಗೆ ಅಗಲ ಆಗಿತ್ತು. ಹೊಸ ಕೀ, ಹೊಸ ಗೇರು, ಹೊಸ ಬೋಲ್ಟು, ಸಂದು ತುಂಬಲು ಲಾಕ್‌ಟೈಟ್ ಅಂಟು, ಎಲ್ಲ ಹಾಕಿ ಒಂದು ಹಗಲು ಒಂದು ರಾತ್ರಿ ಕಾಯ್ದು, ಕೊನೆಗೆ ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸೋ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದೆ. ಅದೃಷ್ಟ, ಉಳಿದುಕೊಂಡಿತು. ಇಲ್ಲದಿದ್ದರೆ ಎಂಜಿನ್ನೇ ಇಳಿಸಿ ಕ್ರ್ಯಾಂಕ್ ಬದಲಾಯಿಸಬೇಕಿತ್ತು.

ನಿನ್ನದು ಯಾವುದು ಅಂತ ತಿಳಿಯೋದು ಸುಲಭ. ಎಂಜಿನ್ ಆಫ್ ಮಾಡಿ, ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಫೋನ್ ಇಳಿಸಿ ಪುಲ್ಲಿಯ ಮಧ್ಯದ ಫೋಟೋ ತೆಗೆ. ಬೋಲ್ಟಿನ ಸುತ್ತ ಸೀಳುಗಳು ಕಾಣುತ್ತವೆ. ನಾಲ್ಕಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ, ನೀನು ಬಚಾವ್. ನಾಲ್ಕಿದ್ದರೂ ಹೆದರಬೇಡ. ಪುಲ್ಲಿ ನೆಟ್ಟಗೆ ತಿರುಗುತ್ತಿದ್ದರೆ ಆ ಬೋಲ್ಟಿನ ತಂಟೆಗೆ ಹೋಗದೆ ಬಿಡು. ಟೈಮಿಂಗ್ ಬೆಲ್ಟಿಗೆ 60,000 ಮೈಲಿ ಲೆಕ್ಕ. ಅದನ್ನು ಬದಲಾಯಿಸುವ ದಿನ ಆ ಬೋಲ್ಟಿಗೆ ಅಂದಾಜು ಬೇಡ, ಮ್ಯಾನುಯಲ್ ನೋಡಿ ಬಿಗಿ ಮಾಡು. ಒಂದು ಸಮಾಧಾನ ಏನೆಂದರೆ, ಈ ಎಂಜಿನ್ನಿನಲ್ಲಿ ಬೆಲ್ಟ್ ಕಿತ್ತುಹೋದರೂ ವಾಲ್ವು ಪಿಸ್ಟನ್ನಿಗೆ ಹೊಡೆಯೋದಿಲ್ಲ. ದಾರಿಯಲ್ಲಿ ನಿಲ್ತೀಯ, ಅಷ್ಟೇ.

ಇನ್ನು ಆಯಿಲ್ ಸೋರೋದು. ಗೇರ್‌ಬಾಕ್ಸಿನ ಮುಂಭಾಗದಲ್ಲಿ ಆಯಿಲ್ ತೊಟ್ಟಿಕ್ಕುತ್ತಿದೆ ಅಂತ ನಾನು ಒಂದು ಗ್ಯಾರೇಜಿಗೆ ಹೋಗಿದ್ದೆ. "ಹಿಂದಿನ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಆಯಿಲ್ ತಡೆಯೋ ಸೀಲ್ ಅದು. ಹೇಳಿದ ರೇಟು ಕೇಳಿ ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿ ಕ್ಯಾಮ್ ಆ್ಯಂಗಲ್ ಸೆನ್ಸರ್ ಅಂತ ಒಂದಿದೆ. ಅದರ ಓ-ರಿಂಗ್ ಅನ್ನೋ ರಬ್ಬರ್ ಬಳೆ ಒಣಗಿ ಗಟ್ಟಿಯಾಗಿ ಬಳೆ ಚೂರಿನ ಹಾಗೆ ಮುರಿಯಿತು. ಅಲ್ಲಿಂದ ಇಳಿದ ಆಯಿಲ್ ಕೆಳಗೆ ಬಂದು ಮೇನ್ ಸೀಲ್ ಮೇಲೆ ಅಪವಾದ ಹೊರಿಸಿತ್ತು. ಎರಡು ಡಾಲರಿನ ರಿಂಗು. ಬಿಚ್ಚುವ ಮುಂಚೆ ಸೆನ್ಸರ್ ಕೂತ ಜಾಗಕ್ಕೆ ಒಂದು ಗೀರು ಹಾಕಿಕೋ. ಇಲ್ಲದಿದ್ದರೆ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತೋ ಸಮಯ, ತಪ್ಪುತ್ತೆ.

ಬ್ರೇಕಿಗೆ ಬಂದೆ ನೋಡು. ಈ ಕಾರಿನ ಹಿಂದಿನ ಕ್ಯಾಲಿಪರಿನಲ್ಲಿ, ಅಂದರೆ ಬ್ರೇಕ್ ಪ್ಯಾಡುಗಳನ್ನು ಒತ್ತೋ ಭಾಗದಲ್ಲಿ, ಹ್ಯಾಂಡ್‌ಬ್ರೇಕಿನ ವ್ಯವಸ್ಥೆ ಒಳಗೇ ಇದೆ. ಪ್ಯಾಡ್ ಬದಲಾಯಿಸುವಾಗ ಮುಂದಿನದನ್ನು ಒತ್ತಿದ ಹಾಗೆ ಹಿಂದಿನ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಬೇಡ, ಒಳಗಿನದೆಲ್ಲ ಮುರಿಯುತ್ತೆ. ಕ್ಯಾಲಿಪರಿನ ಹಿಂದೆ 14ರ ಸ್ಪ್ಯಾನರಿನ ಒಂದು ಮುಚ್ಚಳದ ಬೋಲ್ಟಿದೆ. ಅದನ್ನು ಬಿಚ್ಚಿದರೆ ಒಳಗೆ 4 ಮಿ.ಮೀ. ಆ್ಯಲನ್ ಕೀ ಕೂರುವ ಸ್ಕ್ರೂ ಸಿಗುತ್ತೆ. ಅದನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಪಿಸ್ಟನ್ ತಾನಾಗಿ ಹಿಂದೆ ಹೋಗುತ್ತೆ. ಬ್ರೇಕ್ ಫ್ಲೂಯಿಡ್ ಪೂರ್ತಿ ಹೊಸದು ಹಾಕು. ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕಡಿಮೆ ಅಂದರೂ 230 ಡಿಗ್ರಿ ತಡೆಯುತ್ತೆ. ತೇವ ಹೀರಿದ್ದು 155ರ ಆಸುಪಾಸಿಗೇ ಕುದಿಯಬಹುದು. ಬೆಟ್ಟ ಇಳಿಯುವಾಗ ಪೆಡಲ್ ನೆಲಕ್ಕೆ ಹೋಗೋದು ಆಗಲೇ.

ಟೈರಿನ ಗೆರೆ ನೋಡಿ ಮೋಸ ಹೋಗಬೇಡ. ಇಂಥ ಕಾರು ವರ್ಷಕ್ಕೆ ನಾಲ್ಕು ಸಲ ಹೊರಗೆ ಬರೋದು. ಗೆರೆ ಹೊಸದರ ಹಾಗೇ ಇರುತ್ತೆ, ರಬ್ಬರ್ ಮಾತ್ರ ಹಲಗೆಯಾಗಿರುತ್ತೆ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದು. 2314 ಅಂದರೆ 2014ನೇ ಇಸವಿಯ 23ನೇ ವಾರ. ಅಂಥದ್ದಿದ್ದರೆ ಸೈಲೆನ್ಸರಿನ ದುಡ್ಡು ಅಲ್ಲಿಗೆ ಹಾಕು.

ಜಾಕಿಯ ವಿಷಯದಲ್ಲಿ ಮಾತ್ರ ನಾನು ಮಾವನಲ್ಲ, ಮೇಷ್ಟ್ರು. ಮುಂದೆ ಎತ್ತುವಾಗ ಮಧ್ಯದ ಕ್ರಾಸ್‌ಮೆಂಬರ್ ಅನ್ನೋ ಅಡ್ಡ ತೊಲೆಗೆ ಜಾಕಿ ಕೊಡು, ಹಿಂದೆ ಎರಡು ಚಕ್ರಕ್ಕೂ ಪವರ್ ಹಂಚೋ ಗೇರಿನ ಪೆಟ್ಟಿಗೆ, ಡಿಫರೆನ್ಷಿಯಲ್‌ಗೆ. ಕಾರಿನ ಉದ್ದಕ್ಕೂ ಇರೋ ತೆಳು ತಗಡಿನ ರೇಲಿಗೆ ಜಾಕಿ ಕೊಟ್ಟರೆ ಅಪ್ಪಳದ ಹಾಗೆ ಮಡಚಿಕೊಳ್ಳುತ್ತೆ. ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಕಿತ್ತ ಚಕ್ರವನ್ನೂ ಅಡಿಗೆ ತಳ್ಳಿ ಆಮೇಲೆ ಒಳಗೆ ನುಗ್ಗು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡ. ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಲಿ.

ಟರ್ಬೊ ಯಾಕೆ ಈಗ ಬೇಡ ಅಂದೆ ಗೊತ್ತಾ? 1.6ರ ಕಾರಿನ ಹಿಂದಿನ ಡಿಫರೆನ್ಷಿಯಲ್ ಚಿಕ್ಕದು. ಪವರ್ ಏರಿಸಿದರೆ ಅದರ ಹಲ್ಲು ಉದುರುತ್ತೆ. ಅದಕ್ಕೆ 1994ರಿಂದೀಚಿನ 1.8 ಲೀಟರ್ ಕಾರಿನ ಡಿಫರೆನ್ಷಿಯಲ್ ತರಬೇಕು, ಆಮೇಲೆ ಕ್ಲಚ್ಚು, ಆಮೇಲೆ ರೇಡಿಯೇಟರ್. ಮದುವೆ ಮನೆ ಖರ್ಚಿನ ಹಾಗೆ, ಒಂದರ ಬಾಲ ಹಿಡಿದು ಇನ್ನೊಂದು. ಮೇಲಾಗಿ ನೀನಿರೋದು ಕ್ಯಾಲಿಫೋರ್ನಿಯಾದಲ್ಲಿ. ಎರಡು ವರ್ಷಕ್ಕೊಮ್ಮೆ ಸ್ಮಾಗ್ ಟೆಸ್ಟ್, ಅಂದರೆ ಹೊಗೆ ಪರೀಕ್ಷೆ, ಇದೆ. 1975ರವರೆಗಿನ ಕಾರಿಗೆ ವಿನಾಯಿತಿ, ನಿನ್ನದಕ್ಕಿಲ್ಲ. ಹೊಗೆಗೆ ಸಂಬಂಧಪಟ್ಟ ಪಾರ್ಟ್ ಬದಲಾಯಿಸಿದರೆ ಅದಕ್ಕೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ನಂಬರ್ ಇರಬೇಕು. ಇಲ್ಲದಿದ್ದರೆ ಬಾನೆಟ್ ಎತ್ತಿದ ತಕ್ಷಣ ಫೇಲ್. ಆ ಕ್ಯಾಮ್ ಆ್ಯಂಗಲ್ ಸೆನ್ಸರ್ ತಿರುಗಿಸಿ ಇಗ್ನಿಷನ್ ಟೈಮಿಂಗ್ 10 ಡಿಗ್ರಿಯಿಂದ 14ಕ್ಕೆ ಏರಿಸಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಪಿಕಪ್ ನಿಜಕ್ಕೂ ಜಾಸ್ತಿಯಾಗುತ್ತೆ, ನಾನೂ ಮಾಡಿದ್ದೆ. ಆದರೆ ಟೆಸ್ಟಿನಲ್ಲಿ ಟೈಮಿಂಗನ್ನೂ ನೋಡ್ತಾರೆ. ನೀನು 10ರಲ್ಲೇ ಇರು.

ಇನ್ಯಾವುದು ಮರೆತೆ? ಹ್ಞಾಂ, ನೀರು. ಸೀಟಿನ ಹಿಂದೆ, ಟಾಪ್ ಮಡಚಿ ಬೀಳುವ ಎರಡೂ ಮೂಲೆಯಲ್ಲಿ ನೀರು ಹೋಗೋ ತೂತುಗಳಿವೆ. ಎಲೆ ಕಸ ಕಟ್ಟಿಕೊಂಡರೆ ಮಳೆ ನೀರೆಲ್ಲ ಕಾರ್ಪೆಟ್ಟಿಗೆ ಇಳಿಯುತ್ತೆ, ಬಾಗಿಲ ಕೆಳಗಿನ ತಗಡು ಒಳಗಿಂದ ತುಕ್ಕು ಹಿಡಿಯುತ್ತೆ. ಹುಲ್ಲು ಕತ್ತರಿಸೋ ಮಿಷನ್ನಿನ ನೈಲಾನ್ ದಾರ ಮೆತ್ತಗೆ ಇಳಿಸಿ ಚುಚ್ಚು. ಗಟ್ಟಿ ತಂತಿ ಹಾಕಿ ಒಳಗಿನ ಪೈಪ್ ತೂತು ಮಾಡಬೇಡ. ಮೇಲಿಂದ ಒಂದು ಲೋಟ ನೀರು ಹಾಕಿದರೆ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು.

ನನ್ನ ಟಾರ್ಕ್ ರೆಂಚ್ ಇಲ್ಲಿ ಟ್ರಂಕಿನಲ್ಲಿ ಸುಮ್ನೆ ಬಿದ್ದಿದೆ. ಡಿಸೆಂಬರಿಗೆ ಬಂದಾಗ ತೊಗೊಂಡು ಹೋಗು, ಹ್ಯಾಂಡ್ ಲಗೇಜಿನಲ್ಲಿ ಬಿಡೋದಿಲ್ಲ, ಚೆಕ್-ಇನ್ ಬ್ಯಾಗಿಗೆ ಜಾಗ ಇಟ್ಟುಕೋ. ನಿಮ್ಮತ್ತೆ ಹುಳಿಪುಡಿ, ಚಟ್ನಿಪುಡಿ ಅಂತ ಆಗಲೇ ಲೆಕ್ಕ ಹಾಕ್ತಿದಾಳೆ. ರೆಂಚಿಗೆ ಎರಡು ಕೇಜಿ ನಾನು ಈಗಲೇ ಬುಕ್ ಮಾಡಿದ್ದೇನೆ.

ಸ್ಪ್ಯಾನರ್ ಮುಟ್ಟುವ ಮುಂಚೆ ಪುಲ್ಲಿಯ ಫೋಟೋ ಕಳಿಸು. ಸೀಳು ಸರಿಯಾಗಿ ಎಣಿಸೋ ಹಾಗಿರಲಿ, ಫ್ಲ್ಯಾಶ್ ಹಾಕಿ ತೆಗೆ.

ಇತಿ ನಿನ್ನ ಪ್ರೀತಿಯ
ಮಾವ