‘ಇದು ಬೇಡ’ ಅಂದವರಿಗೆಲ್ಲ ನಮ್ಮ ನಮಸ್ಕಾರ

ಈ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಡೆದ ಹಾಫ್ ಮ್ಯಾರಥಾನನ್ನು ತುಮಕೂರಿನ ನಾವು ಏಳು ಜನ ಬಯಲುಸೀಮೆಯ ಬಯಲಾಟವಾದ ಮೂಡಲಪಾಯದ ರಾಜವೇಷದಲ್ಲಿ ಓಡಿ ಮುಗಿಸಿದೆವು. ಏಳೂ ಕೊರಳಿಗೆ ಡೊನಾಲ್ಡ್ ಡಕ್ ಪದಕ ಬಿತ್ತು. ಊರಿಗೆ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: ಅಷ್ಟು ದೊಡ್ಡ ಕಿರೀಟ, ಭುಜಕೀರ್ತಿ ಹೊತ್ತು 21.1 ಕಿಲೋಮೀಟರ್ ಓಡುವುದು ಹೇಗೆ ಸಾಧ್ಯ? ಹೊರಬೇಕಾದ ಭಾರವನ್ನೆಲ್ಲ ನಾಲ್ಕು ತಿಂಗಳ ಕಾಲ ಒಂದೊಂದಾಗಿ ಇಳಿಸಿದವರು ಬೇರೆಯವರು. ಈ ಕೃತಜ್ಞತೆ ಅವರಿಗೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಆದ್ದರಿಂದ ಅವರವರ ಕೆಲಸದ ಹೆಸರಲ್ಲೇ ಕರೆಯುತ್ತಿದ್ದೇವೆ. ಮುಂದೆ ವೇಷ ಕಟ್ಟಿ ಓಡುವವರಿಗೆ ನೆರವಾಗಲಿ ಎಂದು ಅಳತೆ, ತೂಕಗಳನ್ನೂ ಬರೆದಿದ್ದೇವೆ.

ಮೊದಲ ನಮಸ್ಕಾರ ತಿಪಟೂರು ಕಡೆಯ ಹಿರಿಯ ಮೂಡಲಪಾಯ ಕಲಾವಿದರಿಗೆ. ಯಜಮಾನರೇ, ಹಳೆಯ ಮರದ ಕಿರೀಟವನ್ನು ಪೆಟ್ಟಿಗೆಯಿಂದ ತೆಗೆದು ಅಳತೆಗೆ ಕೊಟ್ಟವರು ನೀವು. ಸೋಮನ ಕುಣಿತದ ಮುಖವನ್ನೂ, ಅಂದರೆ ಆ ಜನಪದ ಕುಣಿತದ ಮುಖವಾಡವನ್ನೂ, ಜೊತೆಗೆ ಒಯ್ಯಬೇಕೆಂಬ ಆಸೆ ನಮ್ಮದಾಗಿತ್ತು. ‘ಮುಖ ಹೊತ್ತವನು ನಿಂತು ಕುಣಿಯಬೇಕು, ಓಡಬಾರದು’ ಎಂದು ನೀವು ತಡೆದಿರಿ. ಅಲ್ಲಿನ ನಿಯಮ ಓದಿದಾಗ ನಿಮ್ಮ ಮಾತೇ ನಿಂತಿತು. ಆ ಓಟಗಳಲ್ಲಿ ಯಾವ ಬಗೆಯ ಮುಖವಾಡವೂ ಸಲ್ಲದು. ವೇಷ ನೆಲಕ್ಕೆ ತಾಗುವಂತಿಲ್ಲ, ಹೆಗಲ ವಸ್ತ್ರ ಸೊಂಟದಿಂದ ಕೆಳಗೆ ಇಳಿಯುವಂತಿಲ್ಲ. 14 ವರ್ಷ ತುಂಬಿದವರು ಮೈಯನ್ನೆಲ್ಲ ಸುತ್ತುವರಿಯುವ ಪದರ ಪದರದ ವೇಷ ಹಾಕುವಂತಿಲ್ಲ. ಆಯುಧದಂತೆ ಕಾಣುವ ಯಾವುದಕ್ಕೂ ಪ್ರವೇಶವಿಲ್ಲ, ಹಾಗಾಗಿ ಗದೆ, ಕತ್ತಿ ಮನೆಯಲ್ಲೇ ಉಳಿದವು. ವೇಷ ಹಾಕಿದವರು ತಾವೇ ಪಾರ್ಕಿನ ಪಾತ್ರಧಾರಿಗಳೆಂಬಂತೆ ಜನರ ಜೊತೆ ಫೋಟೋಗೆ ನಿಲ್ಲುವುದು, ಹಸ್ತಾಕ್ಷರ ಹಾಕುವುದು ಕೂಡ ನಿಷಿದ್ಧ. ಹೊರಡುವ ಮುನ್ನ ಈ ನಿಯಮಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಬೇಕು. ಗೇಟಿನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಮುಖಕ್ಕೆ ಪೂರ್ತಿ ಬಣ್ಣ ಬೇಡ ಎಂದವರೂ ನೀವೇ. ಹಳೆಯ ಬಣ್ಣದ ಪೆಟ್ಟಿಗೆಯಲ್ಲಿರುವ ಅರದಾಳ ಎಂಬ ಹಳದಿ ಖನಿಜ ವಿಷ, ಅದರಲ್ಲಿ ಆರ್ಸೆನಿಕ್ ಇದೆ. ಬೆವರಿನ ಜೊತೆ ಬಾಯಿಗೆ ಇಳಿಯುವ ಕೆಲಸಕ್ಕೆ ಅದನ್ನು ಮುಟ್ಟಲೇಬಾರದು. ಚರ್ಮಕ್ಕೆಂದೇ ಮಾಡಿದ ಬಣ್ಣವಾದರೂ ಹುಬ್ಬಿನ ಮೇಲೆ ಹಚ್ಚಿದ್ದೆಲ್ಲ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬಂದು ಉರಿಯುತ್ತದೆ. ಕೊನೆಗೆ ನೀವು ಹೇಳಿದಂತೆ ಮೀಸೆ ಮತ್ತು ಕೆನ್ನೆಯ ಎರಡು ಗೆರೆ ಮಾತ್ರ ಉಳಿದವು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಗೆರೆ, ಅದರ ಮೇಲೆ ಪೌಡರ್ ಒತ್ತು. ಈ ಕ್ರಮದಲ್ಲಿ ಹಚ್ಚಿದ್ದು ಮೂರು ಗಂಟೆಯೂ ಅಳಿಸಲಿಲ್ಲ.

ಸ್ಟಿಕರ್ ಕಟಿಂಗ್ ಅಂಗಡಿಯ ಹುಡುಗರಿಗೆ ಎಷ್ಟು ಹೇಳಿದರೂ ಸಾಲದು. ಕಿರೀಟ ಅವರ ಕೈಯದು. ಮರದ ಬದಲು 5 ಮಿಲಿಮೀಟರ್ ದಪ್ಪದ ಇವಿಎ ಫೋಮ್ ಶೀಟ್, ರಬ್ಬರಿನಂತೆ ಬಾಗುವ ಹಗುರ ಹಾಳೆ. ಹಾಟ್ ಏರ್ ಗನ್ನಿನಲ್ಲಿ ಕಾಯಿಸಿ ಮಡಕೆಯ ಮೇಲೆ ಒತ್ತಿ ಹಿಡಿದರೆ ಅದು ಗುಂಡಗೆ ಬಾಗುತ್ತದೆ. ಕಾಯಿಸುವುದರಿಂದ ಮೇಲ್ಮೈಯ ಸಣ್ಣ ರಂಧ್ರಗಳೂ ಮುಚ್ಚುತ್ತವೆ. ಆಮೇಲೆ ಬಿಳಿ ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಮೂರು ಕೈ ಬಳಿದು, ಒಣಗಿಸಿ, ಅದರ ಮೇಲೆ ಅಕ್ರಿಲಿಕ್ ಚಿನ್ನದ ಬಣ್ಣ. ಈ ಅಸ್ತರಿ ಇಲ್ಲದೆ ಬಣ್ಣ ಹೊಡೆದರೆ ಫೋಮ್ ಬಳುಕಿದ ಕಡೆಯೆಲ್ಲ ಬಿರುಕು ಬಿಡುತ್ತದೆ. ಕನ್ನಡಿ ಚೂರಿನ ಜಾಗಕ್ಕೆ ಪ್ಲಾಸ್ಟಿಕ್ ಕನ್ನಡಿ ಹಾಳೆ ಬಂತು.

ಅಂಟಿನ ವಿಷಯ ಬಿಡಿಸಿ ಹೇಳಲೇಬೇಕು, ಏಕೆಂದರೆ ವೇಷ ಕೆಡುವುದು ಹೆಚ್ಚಾಗಿ ಅಲ್ಲೇ. ಗ್ಲೂ ಗನ್ನಿನ ಬಿಸಿ ಅಂಟು ಕೆಲಸಕ್ಕೆ ಸಲೀಸು, ಆದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಬಿಡುತ್ತದೆ, ಚಳಿಗೆ ಪೆಡಸಾಗಿ ಸಿಡಿಯುತ್ತದೆ. ರಬ್ಬರ್ ಅಂಟು, ಅಂದರೆ ಫೆವಿಕಾಲ್ ಎಸ್‌ಆರ್ ತರಹದ್ದು, ಎರಡೂ ಬದಿಗೆ ತೆಳ್ಳಗೆ ಬಳಿದು ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಈ ಅಂಟಿನ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಬೆಂಕಿ ಹತ್ತುವ ವಸ್ತು. ರಿಪೇರಿಗೆ ಸೂಜಿ ದಾರ, ವೆಲ್‌ಕ್ರೋ, ಎರಡು ಬದಿಯ ಟೇಪು ಸಾಕೆಂದು ಚೀಲ ಕಟ್ಟಿಕೊಟ್ಟಿದ್ದೂ ಆ ಹುಡುಗರೇ.

ಮೊದಲ ಕಿರೀಟ 34 ಸೆಂಟಿಮೀಟರ್ ಎತ್ತರ, 310 ಗ್ರಾಂ ಇತ್ತು. ಕೈಯಲ್ಲಿ ಹಿಡಿದರೆ ಹೂವು. ತಲೆಯ ಮೇಲೆ ಹತ್ತು ಕಿಲೋಮೀಟರ್ ದಾಟಿದ ಮೇಲೆ ಅದೇ ಕಲ್ಲು, ಏಕೆಂದರೆ ಭಾರವೆಲ್ಲ ಮೇಲ್ತುದಿಯಲ್ಲಿತ್ತು. ಪ್ರತಿ ಹೆಜ್ಜೆಗೂ ಅದು ಹಿಂದೆ ಮುಂದೆ ತೂಗಿದಂತೆ ಕತ್ತು ಎದುರು ಎಳೆಯುತ್ತಿರಬೇಕು. ಕೊನೆಯದು 22 ಸೆಂಟಿಮೀಟರ್, 140 ಗ್ರಾಂ. ಅಲಂಕಾರವೆಲ್ಲ ಹಣೆಯ ಪಟ್ಟಿಯಲ್ಲಿ, ಮೇಲ್ಭಾಗ ಟೊಳ್ಳು, ಹಿಂಬದಿಯಲ್ಲಿ ಬಿಸಿ ಗಾಳಿ ಹೋಗಲು ಎಂಟು ತೂತು. ಇಡೀ ಕಿರೀಟವನ್ನು ಮುಂಚಾಚು ಕತ್ತರಿಸಿದ ಓಟದ ಟೋಪಿಗೆ ಹೊಲಿದದ್ದರಿಂದ ಬೆವರನ್ನು ಟೋಪಿ ಹೀರಿಕೊಳ್ಳುತ್ತದೆ. ಗದ್ದದ ಎಲಾಸ್ಟಿಕ್ ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು. ಇಲ್ಲದಿದ್ದರೆ ನೀರು ಕುಡಿಯಲು ಬಾಯಿ ತೆರೆದಾಗ ಕಿರೀಟ ಕಣ್ಣ ಮೇಲೆ ಜಾರುತ್ತದೆ.

ಟೈಲರ್ ಅಣ್ಣ, ವೀರಗಚ್ಚೆಯನ್ನು ನೀವು ಹೊಲಿದ ರೀತಿ ನೋಡಿ ಅಲ್ಲಿನ ಓಟಗಾರರು ಬಟ್ಟೆ ಮುಟ್ಟಿ ಮುಟ್ಟಿ ನೋಡಿದರು. ನಿಜವಾದ ಕಚ್ಚೆ ಮೊಣಕಾಲ ನಡುವೆ ಸಿಕ್ಕಿ ಎಡವಿಸುತ್ತದೆ, ಹತ್ತಿ ಬಟ್ಟೆ ಬೆವರು ಕುಡಿದು ಭಾರವಾಗಿ ತೊಡೆ ಉಜ್ಜುತ್ತದೆ. ನೀವು ಒಳಗೆ ಲೈಕ್ರಾ ಸೈಕಲ್ ಚಡ್ಡಿ ಇಟ್ಟು, ನೆರಿಗೆಯನ್ನು ತೆಳು ಪಾಲಿಯೆಸ್ಟರ್‌ನಲ್ಲಿ ಮಾಡಿ ಸೊಂಟಕ್ಕಷ್ಟೇ ಹೊಲಿದು, ಮೊಣಕಾಲಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿದಿರಿ. ಓವರ್‌ಲಾಕ್ ಹೊಲಿಗೆಯನ್ನು ಚರ್ಮಕ್ಕೆ ತಾಗದಂತೆ ಹೊರಮುಖಕ್ಕೆ ತಿರುಗಿಸಿದ್ದು ಸಣ್ಣ ಕೆಲಸ ಅನ್ನಿಸಬಹುದು. ಮೂರು ಗಂಟೆ ಓಡಿ ಹುಣ್ಣಿಲ್ಲದೆ ಸ್ನಾನಕ್ಕೆ ನಿಂತವರಿಗೆ ಅದರ ಬೆಲೆ ಗೊತ್ತು. ಭುಜಕೀರ್ತಿಗೆ ದಾರ ಬೇಡ ಎಂದು ಹಟ ಹಿಡಿದವರೂ ನೀವೇ. ದಾರದಲ್ಲಿ ಕಟ್ಟಿದ ಭುಜಕೀರ್ತಿ ನಿಮಿಷಕ್ಕೆ ಸುಮಾರು 160 ಹೆಜ್ಜೆಗೂ ಒಂದೊಂದು ಸಲ ಎದ್ದು ಬಡಿಯುತ್ತದೆ. ಹೆಗಲ ಹೊಲಿಗೆಯ ಮೇಲೆ ಐದು ಟಿಚ್ ಬಟನ್, ಕಂಕುಳ ಕಡೆ ನಾಲ್ಕು ಬೆರಳು ಕತ್ತರಿಸಿದ ಜಾಗ. ಅಷ್ಟರಲ್ಲಿ ಕೈ ಬೀಸು ಸರಾಗವಾಯಿತು. ಎದೆಪದಕವನ್ನು ಮೇಲಕ್ಕೆ ಸರಿಸಿ ಬಿಬ್‌ಗೆ, ಅಂದರೆ ಓಟಗಾರರ ಸಂಖ್ಯೆಯ ಚೀಟಿಗೆ, ಜಾಗ ಬಿಟ್ಟದ್ದಕ್ಕೂ ವಂದನೆ. ಬಿಬ್ ಮುಂದುಗಡೆ ಪೂರ್ತಿ ಕಾಣಲೇಬೇಕು.

ಗೆಜ್ಜೆಯನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಅದನ್ನು ಬಿಡಿಸಿದವರು ನಮ್ಮ ಅಥ್ಲೆಟಿಕ್ಸ್ ಮೇಷ್ಟ್ರು. ಸೊಂಟದಲ್ಲಿರುವ ಭಾರ ಮೈಯ ಜೊತೆ ಸಾಗುತ್ತದೆ, ಪಾದದ ಭಾರವನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು. ಒಂದೊಂದು ಬೂಟಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಶಕ್ತಿ ಸುಮಾರು ಶೇ 1ರಷ್ಟು ಏರುತ್ತದೆ. ಮೇಷ್ಟ್ರೇ, ನೀವು ಲೆಕ್ಕ ಹಾಕಿಸಿದ್ದು ಇನ್ನೊಂದಿದೆ. ಅಲ್ಲಿ ಮೈಲಿಗೆ 16 ನಿಮಿಷದ ಮಿತಿ, ಅಂದರೆ ಕಿಲೋಮೀಟರಿಗೆ 9 ನಿಮಿಷ 56 ಸೆಕೆಂಡ್, ಒಟ್ಟು ಸುಮಾರು ಮೂರೂವರೆ ಗಂಟೆ. ಕೇಳಲು ನಿಧಾನ. ಆದರೆ ದಾರಿಯಲ್ಲಿ ಪಾತ್ರಧಾರಿಗಳ ಜೊತೆ ಫೋಟೋಗೆ ಸಾಲು ನಿಂತರೆ ಗಡಿಯಾರ ನಿಲ್ಲುವುದಿಲ್ಲ. ಮೂರು ಕಡೆ ನಾಲ್ಕು ನಾಲ್ಕು ನಿಮಿಷ ನಿಂತರೆ ಉಳಿದ ದಾರಿಯನ್ನು ಕಿಲೋಮೀಟರಿಗೆ 9 ನಿಮಿಷ 22 ಸೆಕೆಂಡಿನಲ್ಲಿ ಓಡಬೇಕು. ಕೊನೆಯ ಗುಂಪಿನ ಹಿಂದೆ ಬಲೂನು ಕಟ್ಟಿಕೊಂಡ ಹೆಂಗಸರು ಸರಿಯಾಗಿ ಆ 16 ನಿಮಿಷದ ವೇಗದಲ್ಲೇ ಬರುತ್ತಾರೆ. ಅವರ ಹಿಂದೆ ಬಿದ್ದವರನ್ನು ದಾರಿಯಿಂದ ತೆಗೆದು ಬಸ್ಸಿಗೆ ಹತ್ತಿಸಬಹುದು. ಮೊದಲ ಗುಂಪುಗಳಲ್ಲಿ ಹೊರಟವರಿಗೆ ಆ ಬಲೂನಿನವರಿಗಿಂತ ಎಷ್ಟು ನಿಮಿಷ ಮುಂಚೆ ಬಿಟ್ಟರೋ ಅಷ್ಟು ನಿಮಿಷಗಳ ಬಂಡವಾಳ ಇರುತ್ತದೆ. ಫಲಕಗಳೆಲ್ಲ ಮೈಲಿಯಲ್ಲೇ ಇರುವುದರಿಂದ 3ನೇ ಮೈಲಿಗೆ 48 ನಿಮಿಷ, 6ಕ್ಕೆ 1 ಗಂಟೆ 36, 10ಕ್ಕೆ 2 ಗಂಟೆ 40 ಎಂದು ಬಾಯಿಪಾಠ ಮಾಡಿಸಿದಿರಿ.

ಅಮಾನಿಕೆರೆಯ ದಾರಿಯಲ್ಲಿ ದಿನಾ ನಡೆಯುವ ಹಿರಿಯರೇ, ನಿಮ್ಮ ಸೈರಣೆ ದೊಡ್ಡದು. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂಬಂಥ ಓಟ-ನಡಿಗೆಯ ಪದ್ಧತಿಯನ್ನು 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಜನಪ್ರಿಯ ಮಾಡಿದರು. ಡಿಸ್ನಿ ಓಟಗಳ ತರಬೇತಿಯೂ ಅವರ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಆದರೆ ಏಳು ಕಿರೀಟಗಳು ಒಮ್ಮೆಲೇ ಓಟ ನಿಲ್ಲಿಸಿದರೆ ಹಿಂದಿನವರು ಡಿಕ್ಕಿ ಹೊಡೆಯುತ್ತಾರೆ. ಅಲ್ಲಿ ನಡೆಯುವವರು ಕೈ ಎತ್ತಿ ಬಲಕ್ಕೆ ಸರಿಯಬೇಕು. ನಮ್ಮ ಕಾಲಿಗೆ ಎಡಕ್ಕೆ ಸರಿಯುವುದೇ ಹುಟ್ಟುಗುಣ. ಅದನ್ನು ಬಿಡಿಸಲು ನೀವೆಲ್ಲ ತಿಂಗಳುಗಟ್ಟಲೆ ನಮಗೆ ಬಲಬದಿ ಬಿಟ್ಟುಕೊಟ್ಟಿರಿ. ವೇಷದ ತಾಲೀಮು 5, 10, 16 ಕಿಲೋಮೀಟರಿನ ಮೂರು ಓಟದಲ್ಲಿ ಮುಗಿಯಿತು. ದೇವರಾಯನದುರ್ಗದ ಘಾಟಿ ಮಾತ್ರ ತಿಂಗಳಿಗೊಮ್ಮೆ ಸಾಕಾಯಿತು, ಏಕೆಂದರೆ ಡಿಸ್ನಿಯ ದಾರಿ ಸಪಾಟು, ಏರು ಅಂದರೆ ಹೆದ್ದಾರಿ ಮೇಲ್ಸೇತುವೆಗಳಷ್ಟೇ.

ಡಾಕ್ಟರಮ್ಮನವರ ಮಾತು ಚಿಕ್ಕದು, ಉಪಕಾರ ದೊಡ್ಡದು. ಒಂದು ಗಂಟೆ ವೇಷದಲ್ಲಿ ಓಡುವ ಮುಂಚೆ, ಓಡಿದ ಮೇಲೆ ತೂಕ ನೋಡಿಸಿದರು. ನಡುವೆ ಏನೂ ಕುಡಿಯದಿದ್ದರೆ, ಇಳಿದ ಒಂದು ಕಿಲೋ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಆ ಲೆಕ್ಕ ಗೊತ್ತಿದ್ದರೆ ಹೆದರಿ ಪ್ರತಿ ಮೇಜಿನ ಹತ್ತಿರವೂ ನೀರು ಸುರಿದುಕೊಳ್ಳುವುದು ತಪ್ಪುತ್ತದೆ. ಬೆವರಿಗಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು ಎಂದಾಗ ತಿಪಟೂರಿನ ಕೊಬ್ಬರಿ ಮಿಠಾಯಿ ಎಂದು ನಾವು ಹೇಳಿದ್ದೆವು. ಬೇಡ ಎಂದರು. ಕೊಬ್ಬರಿಯ ಎಣ್ಣೆ ಹೊಟ್ಟೆಯಲ್ಲಿ ನಿಧಾನಿಸುತ್ತದೆ, ಶೇಂಗಾ ಚಿಕ್ಕಿ ಒಣ ಗಂಟಲಿಗೆ ಅಂಟುತ್ತದೆ. ಬೆಲ್ಲದ ಸಣ್ಣ ತುಂಡು, ಅರ್ಧ ತುಂಡು ಖರ್ಜೂರ, ಚಿಟಿಕೆ ಉಪ್ಪು ಕಚ್ಚೆಯ ಹಿಂಬದಿಯ ಜೇಬಿನಲ್ಲಿ ಹೋದವು. ತೊಡೆಸಂದು, ಕಂಕುಳು, ಗದ್ದದ ಕೆಳಗೆ ವ್ಯಾಸಲೀನ್, ಗಂಡಸರ ಎದೆತೊಟ್ಟಿಗೆ ಮೈಕ್ರೋಪೋರ್ ಟೇಪು, ಹೆಂಗಸರಿಗೆ ಒಳ ಉಡುಪಿನ ಕೆಳ ಅಂಚಿನ ಉದ್ದಕ್ಕೂ ಲೇಪ.

ಆರ್ಲ್ಯಾಂಡೋದಲ್ಲಿರುವ ಕನ್ನಡದ ದಂಪತಿಗೆ ಏಳು ಮನೆಯವರ ಪರವಾಗಿ ನಮಸ್ಕಾರ. ಅಲ್ಲಿ ಬೆಳಗಿನ 5 ಅಂದರೆ ತುಮಕೂರಿನಲ್ಲಿ ಮಧ್ಯಾಹ್ನ 3.30. ಬಂದ ವಾರದಲ್ಲೇ ಓಟವಿದ್ದರೆ ಗಡಿಯಾರ ಸರಿಪಡಿಸಿಕೊಳ್ಳಲು ಒದ್ದಾಡಬೇಡಿ, ನಡುರಾತ್ರಿ ಎಚ್ಚರವಾಗುವುದೇ ಅನುಕೂಲ ಎಂದಿರಿ. ನಸುಕಿನ ಬಸ್ಸು ಹಿಡಿದು, ಗಂಟೆಗೂ ಹೆಚ್ಚು ಹೊತ್ತು ಬಯಲಲ್ಲಿ ಕಾಯುವಾಗ ಚಳಿ ಐದಾರು ಡಿಗ್ರಿಗೂ ಇಳಿಯಬಹುದು. ತಲೆಯ ಮೇಲಿಂದ ಹಾಕುವ ಸ್ವೆಟರ್ ಆದರೆ ಬಿಚ್ಚುವಾಗ ಕಿರೀಟವೂ ಮೀಸೆಯೂ ಹೋಗುತ್ತವೆ, ಹಾಗಾಗಿ ಮುಂದೆ ಜಿಪ್ ಇರುವ, ಅಲ್ಲೇ ಬಿಟ್ಟುಬರಬಹುದಾದ ಹಳೆ ಜಾಕೆಟ್ಟುಗಳನ್ನು ಹುಡುಕಿ ತಂದಿರಿ. ಮಳೆಗೆಂದು ಕಸದ ದೊಡ್ಡ ಪ್ಲಾಸ್ಟಿಕ್ ಚೀಲಗಳನ್ನೂ ಕೊಟ್ಟಿರಿ. 2017ರ ಜನವರಿ 7ರ ಹಾಫ್ ಮ್ಯಾರಥಾನ್ ಗುಡುಗು ಮಿಂಚಿನ ಭೀತಿಯಿಂದ ರದ್ದಾಗಿತ್ತು, ಆ ಊರಿನ ಆಕಾಶವನ್ನು ನಂಬಿ ಹೋಗುವಂತಿಲ್ಲ. ಬಿಬ್ಬನ್ನು ಓಟಗಾರರು ಖುದ್ದಾಗಿ ಗುರುತಿನ ಚೀಟಿ ತೋರಿಸಿಯೇ ಪಡೆಯಬೇಕಾದ್ದರಿಂದ ಏಳು ಜನರನ್ನೂ ಎರಡು ಕಾರಿನಲ್ಲಿ ಒಯ್ದು ತಂದವರೂ ನೀವು.

ಮೆಯಿನ್ ಸ್ಟ್ರೀಟಿನ ದೀಪಗಳ ನಡುವೆ ಹಾದು ಸಿಂಡರೆಲಾ ಕೋಟೆಯ ಒಳಗಿಂದ ಹೊರಬರುವ ಆ ಜಾಗದಲ್ಲಿ ದಾರಿ ಇಕ್ಕಟ್ಟಾಗುತ್ತದೆ. 34 ಸೆಂಟಿಮೀಟರಿನ ಕಿರೀಟ, ದಾರದ ಭುಜಕೀರ್ತಿ ಇದ್ದಿದ್ದರೆ ಅಕ್ಕಪಕ್ಕದವರಿಗೆ ತಗುಲುತ್ತಿತ್ತು. ಯಾರಿಗೂ ತಗುಲಲಿಲ್ಲ.

ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆ ಪದಕಗಳನ್ನೂ ಮನೆಮನೆಗೆ ತಂದು ತೋರಿಸುತ್ತಿದ್ದೇವೆ. ಕಿರೀಟದ ಫೋಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿಟ್ಟಿದೆ, ಟೋಪಿಯನ್ನು ಬಿಚ್ಚಿ ಒಗೆದಾಗಿದೆ. ಕಾಗದದ ಅಚ್ಚುಗಳು ಟೈಲರ್ ಅಣ್ಣನ ಅಂಗಡಿಯಲ್ಲಿವೆ, ಬೇಕಾದವರು ಅಳತೆ ತೆಗೆದುಕೊಳ್ಳಬಹುದು ಎಂದು ಅವರು ಒಪ್ಪಿದ್ದಾರೆ. ಬಿಟ್ಟುಹೋಗಿದ್ದ ಗೆಜ್ಜೆಗಳನ್ನು ಕಟ್ಟಿಕೊಂಡು ಮೊದಲು ಬರುವುದು ತಿಪಟೂರಿಗೆ, ಯಜಮಾನರೇ, ನಿಮ್ಮ ಅಂಗಳಕ್ಕೆ.