ಒಂದೇ ಎಸೆತದ ಋಣ

ಮತ ಹಾಕಿದ ಬೇಸ್‌ಬಾಲ್ ಬರಹಗಾರರು 425. ಮರಿಯಾನೊ ರಿವೆರಾ ಹೆಸರಿನ ಮುಂದೆ ಗುರುತು ಹಾಕಿದವರೂ 425. 2019ರ ಜನವರಿ 22ರಂದು ಈ ಫಲಿತಾಂಶ ಬರುವವರೆಗೆ ಬೇಸ್‌ಬಾಲ್ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಬರಹಗಾರರ ಸರ್ವಾನುಮತದಿಂದ ಯಾರೂ ಹೋಗಿರಲಿಲ್ಲ, ಆಟದ ದಂತಕಥೆ ಬೇಬ್ ರೂತ್ ಕೂಡ. ಆ ಮಾನ ಸಿಕ್ಕಿದ್ದು ಪಂದ್ಯ ಮುಗಿಯುವ ಹೊತ್ತಿಗೆ ಬಂದು ಮೂರು ಔಟ್ ಪಡೆದು ಮನೆಗೆ ಹೋಗುವ ಒಬ್ಬ ರಿಲೀಫ್ ಪಿಚರ್‌ಗೆ (ಪಿಚರ್ ಎಂದರೆ ಚೆಂಡು ಎಸೆಯುವವನು). ಕ್ರಿಕೆಟ್ಟಿನ ಕಣ್ಣಿನಿಂದ ಬೇಸ್‌ಬಾಲ್ ನೋಡಲು ಶುರುಮಾಡಿದ ನಮ್ಮಂಥವರಿಗೆ ಈ ಆಟ ಅರ್ಥವಾಗಿದ್ದರಲ್ಲಿ ಅವರ ಪಾಲು ದೊಡ್ಡದು. ಅದಕ್ಕೇ ಈ ಧನ್ಯವಾದ.

ಮೊದಲ ವಂದನೆ ರಿವೆರಾ ಬೆಳೆದ, ಪನಾಮಾದ ಪುಯೆರ್ತೊ ಕೈಮಿತೊ ಎಂಬ ಮೀನುಗಾರರ ಊರಿಗೆ. ತಂದೆ ಸಾರ್ಡೀನ್ ಮೀನು ಹಿಡಿಯುವ ದೋಣಿಯ ನಾಯಕ. ಹುಡುಗರ ಕೈಗವಸು ಹಾಲಿನ ಡಬ್ಬದ ರಟ್ಟಿನದು. 1990ರಲ್ಲಿ ಈ ಸಣಕಲು ಹುಡುಗನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಸೇರಿಸಿದ ಹರ್ಬ್ ರೇಬರ್ನ್ ಅವರನ್ನೂ ನೆನೆಯಲೇಬೇಕು. ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 1992ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. ಅದೇ ವರ್ಷ ಲೀಗ್‌ಗೆ ಸೇರುವ ಹೊಸ ತಂಡಗಳಿಗೆ ಹಳೆಯ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳಲು ಬಿಟ್ಟಾಗ ಯಾಂಕೀಸ್ ಅವರನ್ನು ಬಿಟ್ಟುಕೊಡದವರ ಪಟ್ಟಿಗೆ ಸೇರಿಸಲಿಲ್ಲ, ಹೊಸಬರೂ ಆರಿಸಲಿಲ್ಲ. 1995ರಲ್ಲಿ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ಗೆ ಬಂದಾಗ ಅವರಿಗೆ ಕೊಟ್ಟದ್ದು ಪಂದ್ಯ ಆರಂಭಿಸುವ ಪಿಚರ್ ಕೆಲಸ. ಆ ವರ್ಷದ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ನ ಪೂರ್ತಿ ಪಂದ್ಯಕ್ಕೆ ಪಿಚರ್ ಬಿಟ್ಟುಕೊಟ್ಟದ್ದೆಂದು ಲೆಕ್ಕಕ್ಕೆ ಬರುವ ರನ್, 5.51. ಇಷ್ಟರಲ್ಲೇ ವೃತ್ತಿ ಮುಗಿದುಹೋದವರು ಎಷ್ಟೋ ಜನ.

1996ರಲ್ಲಿ ಅವರನ್ನು ಬುಲ್‌ಪೆನ್‌ಗೆ, ಅಂದರೆ ನಡುವೆ ಬರುವ ಪಿಚರ್‌ಗಳು ಕರೆಗೆ ಕಾಯುವ ಜಾಗಕ್ಕೆ, ಕಳಿಸಲಾಯಿತು. ಆಗ ಕೊನೆಯ ಇನ್ನಿಂಗ್ಸ್ ಜಾನ್ ವೆಟ್‌ಲ್ಯಾಂಡ್ ಅವರದು. ಅದಕ್ಕೂ ಮುಂಚಿನ ಏಳು, ಎಂಟನೆಯ ಇನ್ನಿಂಗ್ಸ್ ರಿವೆರಾಗೆ. ಒಂದೇ ವರ್ಷ 107 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದು 130 ಸಲ ಸ್ಟ್ರೈಕ್ ಔಟ್ ಮಾಡಿದರು, ಅಂದರೆ ಚೆಂಡನ್ನು ಆಟಕ್ಕೆ ಹೊಡೆಯಲು ಬಿಡದೆ ಬ್ಯಾಟರ್‌ನನ್ನು ಔಟ್ ಮಾಡಿದರು. ಯಾಂಕೀಸ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ನಮ್ಮ ಪ್ರಕಾರ ಅವರ ಅತ್ಯುತ್ತಮ ವರ್ಷ ಅದೇ, ಸೇವ್ ಲೆಕ್ಕದಲ್ಲಿ ಕೇವಲ ಐದು ಇದ್ದರೂ.

ಸೇವ್ ಅನ್ನುವುದು 1969ರಿಂದ ಅಧಿಕೃತವಾಗಿ ಬರೆದಿಡುತ್ತಿರುವ ಲೆಕ್ಕ. ತಂಡ ಮೂರು ಅಥವಾ ಅದಕ್ಕಿಂತ ಕಡಿಮೆ ರನ್ ಮುಂದಿರುವಾಗ ಬಂದು, ಕನಿಷ್ಠ ಒಂದು ಇನ್ನಿಂಗ್ಸ್ ಎಸೆದು, ಮುನ್ನಡೆ ಬಿಟ್ಟುಕೊಡದೆ ಪಂದ್ಯ ಮುಗಿಸಿದರೆ ಒಂದು ಸೇವ್. (ಬೇರೆ ಎರಡು ದಾರಿಗಳೂ ಇವೆ, ಆದರೆ ಹೆಚ್ಚಿನವು ಹೀಗೇ ಬರುತ್ತವೆ.) ಮೂರು ರನ್ ಮುನ್ನಡೆ ಉಳಿಸುವುದು ದೊಡ್ಡ ಸಾಹಸವೇನಲ್ಲ. ಈ ಕೆಲಸದ ನಿಜವಾದ ಕಷ್ಟ ಲೆಕ್ಕಕ್ಕೆ ಬಾರದ ಕಡೆ ಇದೆ. ಬುಲ್‌ಪೆನ್‌ನಲ್ಲಿ ಎದ್ದು ಕೈ ಬಿಸಿ ಮಾಡಿಕೊಂಡು, ತಂಡ ಇನ್ನೆರಡು ರನ್ ಗಳಿಸಿದ್ದರಿಂದ ಕರೆ ಬಾರದೆ ಮತ್ತೆ ಕೂರುವುದು. ಆ ಎಸೆತಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಭುಜಕ್ಕೆ ಮಾತ್ರ ಗೊತ್ತಿರುತ್ತವೆ. ಹೀಗೆ 1,115 ಪಂದ್ಯ, 652 ಸೇವ್, 2.21 ಇಆರ್‌ಎ.

ಇನ್ನು ಕಟ್ಟರ್, ಕೊನೆಯಲ್ಲಿ ಓರೆಯಾಗುವ ಅವರ ಆ ಒಂದೇ ಎಸೆತ. 1997ರ ಜೂನ್‌ನಲ್ಲಿ ಸಹ ಆಟಗಾರ ರಮೀರೊ ಮೆಂಡೋಸ ಜೊತೆ ಸುಮ್ಮನೆ ಚೆಂಡು ಹಿಡಿದಾಡುವಾಗ ಅದು ತಾನಾಗಿ ಓರೆಯಾಗತೊಡಗಿತು. ಪಿಚಿಂಗ್ ಕೋಚ್ ಮೆಲ್ ಸ್ಟಾಟಲ್‌ಮೈರ್ ಮತ್ತು ರಿವೆರಾ ಸ್ವಲ್ಪ ಕಾಲ ಅದನ್ನು ನೇರ ಮಾಡಲು ಹೆಣಗಿ, ಆಗದೆ ಕೈಬಿಟ್ಟರು. ಹಾಗೆ ಕೈಬಿಟ್ಟದ್ದಕ್ಕೆ ಸ್ಟಾಟಲ್‌ಮೈರ್ ಅವರಿಗೆ ಪ್ರತ್ಯೇಕ ಧನ್ಯವಾದ.

ಹಿಡಿತ ಮಾಮೂಲು ವೇಗದ ಎಸೆತದ್ದೇ. ತೋರುಬೆರಳು, ನಡುಬೆರಳು ಒಂದಕ್ಕೊಂದು ಹತ್ತಿರ, ಹೊಲಿಗೆಗೆ ಅಡ್ಡವಾಗಿ; ಬಿಡುವ ಕ್ಷಣದಲ್ಲಿ ಒತ್ತಡ ನಡುಬೆರಳಿನ ಮೇಲೆ. ಮಣಿಕಟ್ಟು ತಿರುಗಿಸಬಾರದು. ತಿರುಗಿಸಿದರೆ ಬೆರಳು ಚೆಂಡಿನ ಪಕ್ಕಕ್ಕೆ ಜಾರಿ, ವೇಗ ಬಿದ್ದು, ಅದು ಸಪ್ಪೆ ಸ್ಲೈಡರ್ (ಪಕ್ಕಕ್ಕೆ ತಿರುಗುವ ನಿಧಾನದ ಎಸೆತ) ಆಗುತ್ತದೆ. ಒತ್ತಡ ಸಾಲದಿದ್ದರೆ ನೇರ ಹೋಗಿ ಬ್ಯಾಟಿನ ನಡುವಿಗೇ ಸಿಗುತ್ತದೆ. ಸರಿಯಾಗಿ ಬಿದ್ದಾಗ ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ನೇರ ಬಂದು, ಕೊನೆಯಲ್ಲಿ ಕೆಲವೇ ಇಂಚು ಸರಿಯುತ್ತದೆ. ದಿಕ್ಕು ಕ್ರಿಕೆಟ್ಟಿನ ಲೆಗ್ ಕಟ್ಟರ್‌ನದೇ, ಆದರೆ ನೆಲ ಮುಟ್ಟದೆ. ಬಲಗೈ ಬ್ಯಾಟರ್‌ನಿಂದ ಹೊರಕ್ಕೆ, ಎಡಗೈಯವನ ಕೈಯತ್ತ ಒಳಕ್ಕೆ. ದುಂಡು ಬ್ಯಾಟಿನ ದಪ್ಪ ಭಾಗಕ್ಕೆಂದು ಬೀಸಿದ ಎಡಗೈಯವನಿಗೆ ಚೆಂಡು ಸಣ್ಣ ಹಿಡಿಯ ಹತ್ತಿರ ತಗಲುತ್ತದೆ, ಬ್ಯಾಟು ಮುರಿಯುತ್ತದೆ. ಬರುವುದು ಇದೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಪ್ಲೇಆಫ್‌ಗಳ 141 ಇನ್ನಿಂಗ್ಸ್‌ನಲ್ಲಿ ಅವರ ಮೇಲೆ ಹೊಡೆದ ಹೋಮ್ ರನ್ (ಸಿಕ್ಸರ್‌ನಂಥ ಹೊಡೆತ) ಎರಡೇ, ಇಆರ್‌ಎ 0.70.

ಅದೇ ಎಸೆತ ಅವರನ್ನು ಸೋಲಿಸಿದ್ದೂ ಉಂಟು. 2001ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ, ಅರಿಜೋನಾ ವಿರುದ್ಧ, ಒಂದು ರನ್ ಮುನ್ನಡೆ, ಒಂಬತ್ತನೆಯ ಇನ್ನಿಂಗ್ಸ್. ಒಂದು ಬಂಟ್ (ಬೀಸದೆ ಬ್ಯಾಟಿಗೆ ಮೆಲ್ಲಗೆ ತಗಲಿಸಿದ ಚೆಂಡು) ಎತ್ತಿಕೊಂಡು ಎರಡನೆಯ ಬೇಸ್‌ಗೆ (ಬೇಸ್ ಎಂದರೆ ರನ್‌ಗೆ ಓಡುವವರು ಮುಟ್ಟಬೇಕಾದ ಗುರುತು) ಎಸೆದಾಗ ಅವರ ಗುರಿ ತಪ್ಪಿತು. ಮುಂದೆ ಸ್ಕೋರು ಸಮವಾಯಿತು, ಬೇಸ್‌ಗಳೆಲ್ಲ ತುಂಬಿದವು, ಒಂದೇ ಔಟ್. ರನ್ ತಡೆಯಲು ಒಳ ಫೀಲ್ಡರ್‌ಗಳನ್ನು ಮುಂದಕ್ಕೆ ಕರೆಯಲಾಯಿತು. ಎಡಗೈ ಬ್ಯಾಟರ್ ಲೂಯಿಸ್ ಗೊನ್ಸಾಲೆಸ್ ಕೈಯತ್ತ ಕಟ್ಟರ್ ಬಂತು, ಹಿಡಿಯ ಬಳಿ ತಗಲಿತು, ಚೆಂಡು ಮೆಲ್ಲಗೆ ಮೇಲೆದ್ದು ಯಾಂಕೀಸ್‌ನ ಒಳ ಫೀಲ್ಡರ್ ಡೆರೆಕ್ ಜೀಟರ್ ತಲೆಯಾಚೆ ಬಿತ್ತು, ಅರಿಜೋನಾ ಗೆದ್ದಿತು. ಜೀಟರ್ ಮಾಮೂಲು ಜಾಗದಲ್ಲಿದ್ದಿದ್ದರೆ ಸುಲಭ ಕ್ಯಾಚ್. ಎಸೆತ ಕೆಟ್ಟದಾಗಿರಲಿಲ್ಲ ಎಂಬುದೇ ಇಲ್ಲಿನ ಸಂಕಟ. ಯಾಂಕೀಸ್ ಗೆದ್ದಿದ್ದರೆ ವಿಜಯಯಾತ್ರೆ ಮುಗಿಸಿ ಹೊರಡಬೇಕಿದ್ದ ತಂಡದ ಎನ್ರಿಕೆ ವಿಲ್ಸನ್, ಸೋತದ್ದರಿಂದ ಬೇಗ ಊರಿಗೆ ಹೋದರು. ಅವರು ಮೊದಲು ಟಿಕೆಟ್ ಮಾಡಿಸಿದ್ದ ವಿಮಾನ ನವೆಂಬರ್ 12ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಿತ್ತು. ಹಾಗಾದರೆ ನಾವು ಸೋತದ್ದೇ ಒಳ್ಳೆಯದಾಯಿತು ಎಂಬರ್ಥದ ಮಾತನ್ನು ರಿವೆರಾ ಆಮೇಲೆ ಆಡಿದರು.

2012ರ ಮೇ 3ರಂದು ಕನ್ಸಾಸ್ ಸಿಟಿಯಲ್ಲಿ, ಪಂದ್ಯಕ್ಕೆ ಮೊದಲು ಬ್ಯಾಟಿಂಗ್ ಅಭ್ಯಾಸದ ಚೆಂಡು ಹಿಡಿಯಲು ಓಡುವಾಗ, ಬಲ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಬಲಗೈ ಪಿಚರ್ ಎಸೆಯುವ ದಿಬ್ಬದಿಂದ ತನ್ನನ್ನು ಮುಂದಕ್ಕೆ ದೂಡಿಕೊಳ್ಳುವುದು ಆ ಕಾಲಿನಿಂದಲೇ. ವಯಸ್ಸು 42. ಮರುವರ್ಷ ಬಂದು 44 ಸೇವ್ ಮಾಡಿದರು. ಆ ಕಡೆಯ ವರ್ಷ ಎದುರಾಳಿಗಳ ಒಂದೊಂದು ಊರಿನಲ್ಲೂ ಟಿಕೆಟ್ ಕೊಡುವವರು, ಮೈದಾನ ನೋಡಿಕೊಳ್ಳುವವರು, ಅಡುಗೆಯವರು ಇಂಥವರನ್ನು ಕೂರಿಸಿಕೊಂಡು ಮಾತಾಡಿ ತಾವೇ ಧನ್ಯವಾದ ಹೇಳಿ ಬಂದರು. ಮಿನೆಸೋಟಾ ಟ್ವಿನ್ಸ್ ಅವರಿಗೆ ಕೊಟ್ಟ ಉಡುಗೊರೆ ಮುರಿದ ಬ್ಯಾಟುಗಳಿಂದ ಮಾಡಿದ ತೂಗುಕುರ್ಚಿ. ಇಷ್ಟು ತಕ್ಕ ಉಡುಗೊರೆ ಇನ್ನೊಂದಿರಲಾರದು.

ಕೊನೆಯ ವಂದನೆ ಎಡ್ಗರ್ ಮಾರ್ಟಿನೆಜ್ ಅವರಿಗೆ. ಸಿಯಾಟಲ್‌ನ ಈ ಬಲಗೈ ಬ್ಯಾಟರ್ ರಿವೆರಾ ವಿರುದ್ಧ ಅರ್ಧಕ್ಕಿಂತ ಹೆಚ್ಚು ಸಲ ಹಿಟ್ ಹೊಡೆದವರು. ಹಾಲ್ ಆಫ್ ಫೇಮ್‌ಗೆ ಅವರೂ ಆಯ್ಕೆಯಾದದ್ದು ಅದೇ ದಿನ, ಅವರ ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲಿ. ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತಾಗಲಾದರೂ ಆ ಕಟ್ಟರ್ ಹೊಡೆದದ್ದು ಹೇಗೆ ಎಂದು ರಿವೆರಾ ಕೇಳಿರಲಿ.